ಸಂಶೋಧನೆಯ ಸಭೆಯಲ್ಲಿ ಶ್ರೀಸಾಮಾನ್ಯ

ಮನುಷ್ಯರನ್ನು ಒಳಗೊಂಡ ಸಂಶೋಧನೆ ಆರಂಭವಾಗುವ ಮೊದಲು ಅದನ್ನು ಒರೆಗೆ ಹಚ್ಚುವ ಕೆಲಸ ವಿಶ್ವವಿದ್ಯಾಲಯಗಳ ನೈತಿಕ ಸಮಿತಿಯದು. ಘಟಾನುಘಟಿ ತಜ್ಞರ ನಡುವೆ ವಿಜ್ಞಾನ ಓದದ ಒಬ್ಬರಿಗೂ ಅಲ್ಲಿ ಕುರ್ಚಿ ಉಂಟು. ಆ ಕುರ್ಚಿಯಲ್ಲಿ ಕೂತವರ ಕೆಲಸವೇನು?

ಉದ್ದನೆಯ ಮೇಜು. ಸುತ್ತಲೂ ಹತ್ತು-ಹನ್ನೆರಡು ಮಂದಿ. ಪ್ರತಿಯೊಬ್ಬರ ಮುಂದೆಯೂ ದಪ್ಪನೆಯ ಕಡತ, ಪಕ್ಕದಲ್ಲಿ ಆರಿಹೋದ ಕಾಫಿ. ಔಷಧ ವಿಜ್ಞಾನದ ಪ್ರಾಧ್ಯಾಪಕರು, ಹಿರಿಯ ವೈದ್ಯರು, ಒಬ್ಬ ವಕೀಲರು, ಸಮಾಜ ವಿಜ್ಞಾನದ ಅಧ್ಯಾಪಕಿ - ಎಲ್ಲರೂ ತಮ್ಮ ತಮ್ಮ ವಿಷಯದಲ್ಲಿ ಪಳಗಿದವರೇ. ಅವರ ನಡುವೆ ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ಅವರು ಕಲಿಸಿದ್ದು ಕನ್ನಡ. ಔಷಧದ ರಾಸಾಯನಿಕ ಸೂತ್ರದ ಬಗ್ಗೆ ಅರ್ಧ ಗಂಟೆ ಚರ್ಚೆ ನಡೆದಾಗ ಸುಮ್ಮನಿದ್ದವರು ಒಪ್ಪಿಗೆ ಪತ್ರದ ಸರದಿ ಬಂದಾಗ ಕನ್ನಡಕ ಸರಿಮಾಡಿಕೊಳ್ಳುತ್ತಾರೆ.

"ಸಾರ್, ಇದು ಕನ್ನಡದಲ್ಲೇ ಇದೆ. ಆದರೂ ನನಗೆ ಅರ್ಥವಾಗಲಿಲ್ಲ."

ಅವರು ಬೆರಳಿಟ್ಟು ತೋರಿಸುವ ಸಾಲು ಹೀಗಿರುತ್ತದೆ: 'ಯಾದೃಚ್ಛಿಕ ವಿಧಾನದ ಮೂಲಕ ತಮ್ಮನ್ನು ಎರಡು ಗುಂಪುಗಳಲ್ಲಿ ಒಂದಕ್ಕೆ ನಿಯೋಜಿಸಲಾಗುವುದು.' ವೈದ್ಯರು ವಿವರಿಸುತ್ತಾರೆ: ಯಾರಿಗೆ ಹೊಸ ಔಷಧ, ಯಾರಿಗೆ ಹಳೆಯದು ಎಂಬುದನ್ನು ಯಾರೂ ಬೇಕೆಂದು ಆರಿಸುವುದಿಲ್ಲ ಎಂದು. "ಅಂದರೆ ಚೀಟಿ ಎತ್ತಿದ ಹಾಗೆ. ಹಾಗಂತಲೇ ಬರೆಯಬಹುದಲ್ಲ?" ಎನ್ನುತ್ತಾರೆ ಶಿಕ್ಷಕಿ. ಮೇಜಿನ ಸುತ್ತ ಒಂದು ಕ್ಷಣ ಮೌನ. ಒಪ್ಪಿಗೆ ಪತ್ರ ತಿದ್ದುಪಡಿಗೆಂದು ಹಿಂದಿರುಗುತ್ತದೆ.

ಇದು ಒಂದು ಊರಿನ ಒಂದು ದಿನದ ಕಥೆಯಲ್ಲ. ಮನುಷ್ಯರ ಮೇಲೆ ಸಂಶೋಧನೆ ನಡೆಸುವ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚುಕಡಿಮೆ ಹೀಗೇ ನಡೆಯುವ ಸಭೆಯ ಚಿತ್ರ. ಇದಕ್ಕೆ 'ಸಾಂಸ್ಥಿಕ ನೈತಿಕ ಸಮಿತಿ' ಎಂದು ಹೆಸರು. ಕ್ಯಾಂಪಸ್ಸಿನ ಆಡುಮಾತಿನಲ್ಲಿ 'ಎಥಿಕ್ಸ್ ಕಮಿಟಿ'.

ಕುರ್ಚಿ ಯಾರ್ಯಾರಿಗೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರತಂದ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಇಂಥ ಸಮಿತಿಯಲ್ಲಿ 7ರಿಂದ 15 ಸದಸ್ಯರಿರಬೇಕು. ಅಧ್ಯಕ್ಷರು ಆ ಸಂಸ್ಥೆಯ ಹೊರಗಿನವರಾಗಿರಬೇಕು. ಸದಸ್ಯ ಕಾರ್ಯದರ್ಶಿ ಮಾತ್ರ ಒಳಗಿನವರು. ಸದಸ್ಯರಲ್ಲಿ ಅರ್ಧದಷ್ಟಾದರೂ ಮಂದಿ ಸಂಸ್ಥೆಗೆ ಸಂಬಂಧಪಡದವರಾಗಿರಬೇಕು. ವಿಜ್ಞಾನಿ ಮತ್ತು ವೈದ್ಯರ ಜೊತೆಗೆ ಕಾನೂನು ಬಲ್ಲವರು, ಸಮಾಜ ವಿಜ್ಞಾನಿ, ಕೊನೆಗೆ ಒಬ್ಬ ಶ್ರೀಸಾಮಾನ್ಯರು ಇರಲೇಬೇಕು. ಸಭೆ ನಡೆಯಲು ಕನಿಷ್ಠ ಐವರು ಹಾಜರಿರಬೇಕು. ಎಲ್ಲರೂ ವೈದ್ಯರೇ ಆಗಿದ್ದರೆ ಐವರೇನು, ಹದಿನೈದು ಮಂದಿ ಕೂತರೂ ಅದು ಸಭೆಯೆನಿಸದು.

ಈ ಶ್ರೀಸಾಮಾನ್ಯ ಸದಸ್ಯರ ಅರ್ಹತೆ ಸ್ವಾರಸ್ಯಕರವಾಗಿದೆ. ಅಕ್ಷರಸ್ಥರಾಗಿರಬೇಕು, ಸ್ಥಳೀಯ ಭಾಷೆ, ಆಚಾರ-ವಿಚಾರ ಬಲ್ಲವರಾಗಿರಬೇಕು, ಕಳೆದ ಐದು ವರ್ಷಗಳಲ್ಲಿ ವೈದ್ಯಕೀಯ ಅಥವಾ ಆರೋಗ್ಯ ಸಂಬಂಧಿ ವೃತ್ತಿಯಲ್ಲಿ ಇದ್ದಿರಬಾರದು. ವೈದ್ಯಕೀಯದಿಂದ ದೂರವಿರುವುದೇ ಒಂದು ಅರ್ಹತೆಯಾಗುವ ಹುದ್ದೆ ವಿಶ್ವವಿದ್ಯಾಲಯದಲ್ಲಿ ಬೇರೆಲ್ಲಿ ಸಿಕ್ಕೀತು! ಸಂಶೋಧನೆಗೆ ಒಳಗಾಗುವವರ ಕಣ್ಣಿನಿಂದ ಲಾಭ-ನಷ್ಟವನ್ನು ಅಳೆಯುವುದು, ಒಪ್ಪಿಗೆ ಪತ್ರ ಮತ್ತು ಅದರ ಅನುವಾದವನ್ನು ಪರಿಶೀಲಿಸುವುದು ಇವರಿಗೆ ವಹಿಸಿದ ಕೆಲಸ.

ಸದಸ್ಯರಾಗುವವರು ಮೊದಲು ಗೋಪ್ಯತೆಯ ಪತ್ರಕ್ಕೆ ಸಹಿ ಹಾಕಬೇಕು. ತನ್ನದೇ ವಿದ್ಯಾರ್ಥಿಯ ಪ್ರಸ್ತಾವ ಚರ್ಚೆಗೆ ಬಂದರೆ ಆ ಪ್ರಾಧ್ಯಾಪಕರು ಎದ್ದು ಹೊರಗೆ ಹೋಗಬೇಕು. ಸಭೆಗೆ ಒಂದಿಷ್ಟು ಗೌರವಧನ ಸಿಗಬಹುದು. ಅದಕ್ಕಾಗಿ ಯಾರೂ ಈ ಕೆಲಸಕ್ಕೆ ಬರುವುದಿಲ್ಲ. ರಾತ್ರಿ ಕೂತು ಓದಬೇಕಾದ ಕಡತಗಳೇ ನೂರಾರು ಪುಟ.

ಈ ಕಾವಲು ಏಕೆ ಬೇಕಾಯಿತು?

ಓದಿದವರು, ಬುದ್ಧಿವಂತರು, ಲೋಕಕ್ಕೆ ಒಳ್ಳೆಯದು ಮಾಡಹೊರಟವರು - ಅವರ ಮೇಲೇಕೆ ಕಾವಲು ಎಂದು ಕೇಳಬಹುದು. ಉತ್ತರ ಚರಿತ್ರೆಯಲ್ಲಿದೆ.

ಎರಡನೆಯ ಮಹಾಯುದ್ಧದಲ್ಲಿ ನಾಜಿ ಶಿಬಿರಗಳ ಕೈದಿಗಳ ಮೇಲೆ ಘೋರ ಪ್ರಯೋಗಗಳನ್ನು ನಡೆಸಿದ ವೈದ್ಯರು ಮತ್ತು ಅಧಿಕಾರಿಗಳು ಸೇರಿ 23 ಮಂದಿಯ ವಿಚಾರಣೆ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ನಡೆಯಿತು. 1947ರ ಆ ತೀರ್ಪಿನೊಂದಿಗೆ ಹುಟ್ಟಿದ್ದು ಹತ್ತು ಸೂತ್ರಗಳ 'ನ್ಯೂರೆಂಬರ್ಗ್ ಸಂಹಿತೆ'. ಅದರ ಮೊದಲ ಸೂತ್ರವೇ ಮನುಷ್ಯನ ಸ್ವಂತ ಇಚ್ಛೆಯ ಒಪ್ಪಿಗೆ ಇಲ್ಲದೆ ಪ್ರಯೋಗ ಕೂಡದು ಎಂಬುದು.

'ಅದು ನಾಜಿಗಳ ಮಾತಾಯಿತು' ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ, ನಲವತ್ತು ವರ್ಷ, ಸರ್ಕಾರದ ಆರೋಗ್ಯ ಇಲಾಖೆಯೇ ಸುಮಾರು 600 ಕಪ್ಪು ಜನರ ಮೇಲೆ ಅಧ್ಯಯನ ನಡೆಸಿತು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ರೋಗವಿತ್ತು. ಅವರಿಗೆ ಹೇಳಿದ್ದು 'ಕೆಟ್ಟ ರಕ್ತ'ಕ್ಕೆ ಚಿಕಿತ್ಸೆ ಎಂದು. ನಡೆದದ್ದು ಚಿಕಿತ್ಸೆಯಿಲ್ಲದೆ ರೋಗ ಹೇಗೆ ಬೆಳೆಯುತ್ತದೆಂದು ನೋಡುವ ಕೆಲಸ. 1940ರ ದಶಕದಲ್ಲಿ ಪೆನಿಸಿಲಿನ್ ಬಂದ ಮೇಲೂ ಅದನ್ನು ಅವರಿಗೆ ಕೊಡಲಿಲ್ಲ. 1972ರಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಬಂದ ಮೇಲಷ್ಟೇ ಅದು ನಿಂತಿತು. ಅಧ್ಯಕ್ಷ ಕ್ಲಿಂಟನ್ ದೇಶದ ಪರವಾಗಿ ಕ್ಷಮೆ ಕೇಳಿದ್ದು 1997ರಲ್ಲಿ.

ಅದೇ 1997ರಲ್ಲಿ ನಮ್ಮ ದೇಶದ್ದೂ ಒಂದು ಪ್ರಕರಣ ಹೊರಬಂತು. ದೆಹಲಿಯಲ್ಲಿ 1976ರಿಂದ ಹಲವು ವರ್ಷ ನಡೆದ ಅಧ್ಯಯನವೊಂದರಲ್ಲಿ, ಗರ್ಭಕೊರಳಿನಲ್ಲಿ ಕ್ಯಾನ್ಸರಿಗೆ ಮುನ್ನಿನ ಬದಲಾವಣೆಗಳಿದ್ದ 1,158 ಮಹಿಳೆಯರಿಗೆ ಚಿಕಿತ್ಸೆ ನೀಡದೆ ಕೇವಲ ಗಮನಿಸಲಾಗಿತ್ತು. ಲಿಖಿತ ಒಪ್ಪಿಗೆ ಪಡೆದಿರಲಿಲ್ಲ.

ಭಾರತದಲ್ಲಿ ನಿಯಮಗಳೇ ಇರಲಿಲ್ಲವೆಂದಲ್ಲ. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಧ್ಯಕ್ಷತೆಯ ಸಮಿತಿಯ ಶ್ರಮದಿಂದ ಐಸಿಎಂಆರ್ 1980ರಲ್ಲೇ ಒಂದು ನೀತಿ ಹೇಳಿಕೆಯನ್ನು ಪ್ರಕಟಿಸಿತ್ತು. ಅದನ್ನು ವಿಸ್ತರಿಸಿ 2000ದಲ್ಲಿ ಬಂದ ಮಾರ್ಗಸೂಚಿಯನ್ನು ರೂಪಿಸಿದ ಸಮಿತಿಗೆ ಅಧ್ಯಕ್ಷರಾಗಿದ್ದವರು ಕನ್ನಡಿಗರೇ ಆದ, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ನಿವೃತ್ತರಾಗಿದ್ದ ಎಂ.ಎನ್. ವೆಂಕಟಾಚಲಯ್ಯ. 2006 ಮತ್ತು 2017ರಲ್ಲಿ ಅದು ಪರಿಷ್ಕೃತಗೊಂಡಿತು. ಹೊಸ ಔಷಧಗಳ ಪ್ರಯೋಗಕ್ಕೆ 2019ರ ನಿಯಮಗಳು ಕಾನೂನಿನ ಬಲವನ್ನೇ ಕೊಟ್ಟಿವೆ.

ಹೆಡ್‌ಮಾಸ್ಟರ ಸಹಿ ಅಪ್ಪ-ಅಮ್ಮನ ಸಹಿಯಲ್ಲ

ಪಾಲಕರು ಮರೆಯಬಾರದ ಪ್ರಕರಣವೊಂದಿದೆ. 2009ರಲ್ಲಿ, ಆಗ ಆಂಧ್ರಪ್ರದೇಶದಲ್ಲಿದ್ದ ಖಮ್ಮಂ ಹಾಗೂ ಗುಜರಾತಿನ ವಡೋದರ ಜಿಲ್ಲೆಗಳಲ್ಲಿ 10ರಿಂದ 14 ವರ್ಷದ ಸಾವಿರಾರು ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಲಾಯಿತು. ವಿದೇಶಿ ಸಂಸ್ಥೆಯೊಂದು ಸರ್ಕಾರದ ಸಹಯೋಗದಲ್ಲಿ ಕೈಗೊಂಡ ಈ ಕಾರ್ಯಕ್ರಮವನ್ನು 'ಪ್ರಾತ್ಯಕ್ಷಿಕೆ ಯೋಜನೆ' ಎಂದು ಕರೆಯಲಾಗಿತ್ತು. ಹುಡುಗಿಯರಲ್ಲಿ ಅನೇಕರು ಬಡ, ಬುಡಕಟ್ಟು ಕುಟುಂಬದವರು, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದವರು. ಏಳು ಹುಡುಗಿಯರ ಸಾವಿನ ಸುದ್ದಿ ಬಂದು, ಪ್ರತಿಭಟನೆ ಎದ್ದು, 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು.

ಸಾವುಗಳಿಗೂ ಲಸಿಕೆಗೂ ಸಂಬಂಧವಿರುವಂತೆ ಕಾಣುವುದಿಲ್ಲವೆಂದು ತನಿಖಾ ಸಮಿತಿ ಹೇಳಿತು. ಲಸಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುತ್ತದೆ. ಅದರ ಗುಣ ಇಲ್ಲಿಯ ಪ್ರಶ್ನೆಯಲ್ಲ. ಪ್ರಶ್ನೆ ಒಪ್ಪಿಗೆಯದು. 2013ರ ಆಗಸ್ಟ್‌ನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಮಂಡಿಸಿದ ವರದಿಯ ಪ್ರಕಾರ, ಆಂಧ್ರದಲ್ಲಿ ನೋಡಲಾದ 9,543 ಒಪ್ಪಿಗೆ ಪತ್ರಗಳಲ್ಲಿ 1,948ರ ಮೇಲೆ ಇದ್ದದ್ದು ಹೆಬ್ಬೆಟ್ಟು. 2,763 ಪತ್ರಗಳಿಗೆ ಸಹಿ ಹಾಕಿದವರು ಹಾಸ್ಟೆಲ್ ವಾರ್ಡನ್‌ಗಳು! ಮನೆಯಲ್ಲಿದ್ದ ತಾಯಿ-ತಂದೆಗೆ ಏನು ತಿಳಿದಿತ್ತು? ಹೆಬ್ಬೆಟ್ಟು ಒತ್ತಿದವರಿಗೆ ಆ ಕಾಗದವನ್ನು ಯಾರಾದರೂ ಓದಿ ಹೇಳಿದ್ದರೇ? ಒಳ್ಳೆಯ ಲಸಿಕೆಯೂ ಜನರ ವಿಶ್ವಾಸ ಕಳೆದುಕೊಳ್ಳುವುದು ಇಂಥಲ್ಲೇ.

ಶಾಲೆಯಲ್ಲಿ ಸಂಶೋಧನೆ ನಡೆಸಲು ಮುಖ್ಯೋಪಾಧ್ಯಾಯರ ಅನುಮತಿ ಬೇಕು, ನಿಜ. ಆದರೆ ಅದು ಪಾಲಕರ ಒಪ್ಪಿಗೆಗೆ ಬದಲಿಯಾಗದು. ಪಾಲಕರ ಒಪ್ಪಿಗೆಯೂ ಮಗುವಿನ ಸಮ್ಮತಿಗೆ ಬದಲಿಯಾಗದು. ಐಸಿಎಂಆರ್ ಮಾರ್ಗಸೂಚಿಯಂತೆ 7ರಿಂದ 12 ವರ್ಷದ ಮಕ್ಕಳನ್ನು ಬಾಯಿಮಾತಿನಲ್ಲಿ, 12ರಿಂದ 18 ವರ್ಷದವರನ್ನು ಬರವಣಿಗೆಯಲ್ಲಿ ಕೇಳಬೇಕು. 'ಬೇಡ' ಎಂದ ಮಗುವಿನ ಮಾತಿಗೆ ಬೆಲೆಯಿದೆ. ಓದಲು ಬಾರದ ದೊಡ್ಡವರಿಗೆ, ಸಂಶೋಧನೆಗೆ ಸಂಬಂಧಪಡದ ಸಾಕ್ಷಿಯೊಬ್ಬರ ಎದುರು ಪೂರ್ತಿಯಾಗಿ ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು.

ಕಡತದೊಳಗೆ ಏನು ನೋಡುತ್ತಾರೆ?

ಸಮಿತಿಯ ಮುಂದೆ ಬರುವ ಎಲ್ಲ ಪ್ರಸ್ತಾವಗಳೂ ಒಂದೇ ತೂಕದವಲ್ಲ. ಅಪಾಯವೇ ಇಲ್ಲದವಕ್ಕೆ ವಿನಾಯಿತಿ. ಅಲ್ಪ ಅಪಾಯದವನ್ನು ಒಂದಿಬ್ಬರು ಸದಸ್ಯರು ಬೇಗನೆ ನೋಡಿ ಮುಗಿಸಬಹುದು. ಉಳಿದವು ಪೂರ್ಣ ಸಭೆಗೆ ಬರಬೇಕು. ಸಂಶೋಧನೆಯ ಉದ್ದೇಶ, ವಿಧಾನ, ಯಾರನ್ನು ಆರಿಸುತ್ತಾರೆ, ತೊಂದರೆಯಾದರೆ ಚಿಕಿತ್ಸೆ ಮತ್ತು ಪರಿಹಾರ ಯಾರದು, ಮಾಹಿತಿಯನ್ನು ಎಲ್ಲಿಡುತ್ತಾರೆ - ಇವೆಲ್ಲ ಪ್ರಶ್ನೆಗಳು. ಒಪ್ಪಿಗೆ, ತಿದ್ದುಪಡಿಯೊಂದಿಗೆ ಒಪ್ಪಿಗೆ ಅಥವಾ ನಿರಾಕರಣೆ - ಯಾವುದೇ ಆಗಲಿ, ಕಾರಣವನ್ನು ಬರೆದು ತಿಳಿಸಬೇಕು.

ಹೆಚ್ಚು ಹೊತ್ತು ಹಿಡಿಯುವುದು ಒಪ್ಪಿಗೆ ಪತ್ರ. 'ಪ್ಲಸೀಬೊ ನೀಡಲಾಗುವುದು' ಎಂದರೆ ಹಳ್ಳಿಯ ರೋಗಿಗೆ ಏನು ತಿಳಿದೀತು? 'ಔಷಧದ ಹಾಗೇ ಕಾಣುವ, ಆದರೆ ಔಷಧವಿಲ್ಲದ ಗುಳಿಗೆ ನಿಮಗೆ ಸಿಗಬಹುದು' ಎಂದರೆ ತಿಳಿಯುತ್ತದೆ. 'ಐದು ಮಿಲಿಲೀಟರ್ ರಕ್ತ' ಎಂಬುದು 'ಒಂದು ಚಹಾ ಚಮಚದಷ್ಟು ರಕ್ತ' ಆದಾಗ ಭಯ ಅರ್ಧ ಇಳಿಯುತ್ತದೆ. ಇಂಗ್ಲಿಷಿನಿಂದ ಕನ್ನಡಕ್ಕೆ ತಂದದ್ದನ್ನು ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ, ಅರ್ಥ ಉಳಿದಿದೆಯೇ ಎಂದು ತಾಳೆ ನೋಡುವ ಪದ್ಧತಿಯೂ ಇದೆ. ಕರಾವಳಿಯಲ್ಲಾದರೆ ತುಳು, ಗಡಿಯಲ್ಲಾದರೆ ಮರಾಠಿ ಇಲ್ಲವೆ ತೆಲುಗು ಆಡುವವರೂ ಇರುತ್ತಾರೆಂಬುದನ್ನು ಮರೆಯುವಂತಿಲ್ಲ.

ಭಾಷೆ ಸರಿಯಾದರೂ ಮುಗಿಯದು. ವೈದ್ಯರನ್ನು ದೇವರೆಂದು ಕಾಣುವ ರೋಗಿ 'ನೀವು ಎಲ್ಲಿ ಹೇಳ್ತೀರೋ ಅಲ್ಲಿ ಸೈನ್ ಹಾಕ್ತೀನಿ ಸ್ವಾಮಿ' ಎನ್ನುತ್ತಾನೆ. ತನಗೆ ಸಿಗುತ್ತಿರುವುದು ಚಿಕಿತ್ಸೆಯೆಂದೇ ಅವನ ನಂಬಿಕೆ. 'ಇದು ಸಂಶೋಧನೆ, ಸೇರದಿದ್ದರೂ ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ, ಮಧ್ಯದಲ್ಲಿ ಬಿಟ್ಟುಹೋದರೂ ಯಾರೂ ಬೇಸರಪಡುವುದಿಲ್ಲ' ಎಂಬ ಮೂರು ಮಾತುಗಳು ಕಾಗದದಲ್ಲಿ ಎದ್ದು ಕಾಣುವಂತೆ ಇವೆಯೇ ಎಂದು ಸಮಿತಿ ಹುಡುಕುವುದು ಇದಕ್ಕಾಗಿ.

'ಬರೀ ಪ್ರಶ್ನಾವಳಿ ತಾನೆ?'

ವಿದ್ಯಾರ್ಥಿಗಳು ಸಮಿತಿಯ ಮುಂದೆ ಗೊಣಗುವುದು ಹೆಚ್ಚಾಗಿ ಇಲ್ಲಿಯೇ. ಸೂಜಿಯಿಲ್ಲ, ಗುಳಿಗೆಯಿಲ್ಲ, ನಾಲ್ಕು ಪುಟ ಪ್ರಶ್ನೆಗಳಿಗೂ ಇಷ್ಟು ತಕರಾರೇ?

ಕಾಲೇಜು ವಿದ್ಯಾರ್ಥಿಗಳ ಖಿನ್ನತೆಯ ಬಗ್ಗೆ ಒಂದು ಪ್ರಶ್ನಾವಳಿ ಎಂದುಕೊಳ್ಳಿ. ಅದರಲ್ಲಿ 'ಜೀವ ಕಳೆದುಕೊಳ್ಳಬೇಕು ಎನಿಸಿದೆಯೇ?' ಎಂದೊಂದು ಪ್ರಶ್ನೆ. ಹುಡುಗಿಯೊಬ್ಬಳು ರಾತ್ರಿ ಹಾಸ್ಟೆಲಿನಲ್ಲಿ ಕೂತು 'ಹೌದು' ಎಂದು ಗುರುತು ಹಾಕುತ್ತಾಳೆ. ಆ ಕಾಗದವನ್ನು ಯಾರು, ಯಾವಾಗ ನೋಡುತ್ತಾರೆ? ಮೂರು ತಿಂಗಳ ನಂತರ ಅಂಕಿ-ಅಂಶ ಲೆಕ್ಕ ಹಾಕುವಾಗಲೇ? ಸಮಿತಿ ಕೇಳುವುದು ಇದನ್ನು. ಉತ್ತರಗಳನ್ನು ಅಂದೇ ನೋಡುವ ವ್ಯವಸ್ಥೆ, ಆಪ್ತ ಸಮಾಲೋಚಕರ ಹೆಸರು, ನೆರವಿನ ದೂರವಾಣಿ - ಇವು ಇದ್ದರೆ ಮಾತ್ರ ಅನುಮತಿ. 2022ರಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮುಂಚೂಣಿಯಲ್ಲಿರುವ 'ಟೆಲಿ ಮಾನಸ್' ಸೇವೆಯ 14416 ಸಂಖ್ಯೆಯನ್ನು ಅಚ್ಚು ಹಾಕಲು ಒಂದು ಸಾಲು ಸಾಕು. ಒಂದು ಜೀವಕ್ಕೆ ಆ ಸಾಲೇ ಆಸರೆಯಾಗಬಹುದು.

ಇನ್ನೊಂದು ಉದಾಹರಣೆ. ಗ್ರಾಮವೊಂದರ ಅಂಗನವಾಡಿ ಕೆಲಸದ ಅಧ್ಯಯನದಲ್ಲಿ ವಿದ್ಯಾರ್ಥಿ ಹೆಸರುಗಳನ್ನೆಲ್ಲ ಬದಲಿಸಿದ್ದಾನೆ. ಆದರೆ ಊರಿನ ಹೆಸರು ಹಾಗೇ ಇದೆ, ಆ ಊರಿಗೆ ಇರುವುದು ಒಬ್ಬರೇ ಕಾರ್ಯಕರ್ತೆ. ಮೇಲಧಿಕಾರಿಯ ಮೇಲೆ ಆಕೆ ಹೇಳಿದ ದೂರು ಪ್ರಬಂಧದಲ್ಲಿ ಅಚ್ಚಾದರೆ ಹೇಳಿದವರು ಯಾರೆಂದು ಕಂಡುಹಿಡಿಯಲು ಪತ್ತೇದಾರರು ಬೇಕಿಲ್ಲ.

ಪ್ರಾಧ್ಯಾಪಕರು ತಮ್ಮ ತರಗತಿಯ ವಿದ್ಯಾರ್ಥಿಗಳನ್ನೇ ಅಧ್ಯಯನಕ್ಕೆ ಆರಿಸಿದಾಗಲೂ ಸಮಿತಿ ಹುಬ್ಬೇರಿಸುತ್ತದೆ. ಇಂಟರ್ನಲ್ ಅಂಕ ಕೊಡುವ ಕೈಯೇ ಒಪ್ಪಿಗೆ ಪತ್ರವನ್ನೂ ನೀಡಿದರೆ 'ಇಲ್ಲ ಸಾರ್' ಎನ್ನುವ ಧೈರ್ಯ ಎಷ್ಟು ಮಂದಿಗೆ ಇದ್ದೀತು?

ಅನುಮತಿ ಕೊಟ್ಟ ಮೇಲೆ

ಅನುಮತಿ ಪತ್ರಕ್ಕೆ ಮುದ್ರೆ ಬಿದ್ದರೆ ಕೆಲಸ ಮುಗಿಯಿತೆಂದು ಸಮಿತಿಯೇ ಭಾವಿಸುವ ಅಪಾಯವೂ ಇದೆ. 1971ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ಮನೋವಿಜ್ಞಾನಿ ಫಿಲಿಪ್ ಜಿಂಬಾರ್ಡೊ ಒಂದು ಕೃತಕ ಜೈಲನ್ನು ನಿರ್ಮಿಸಿ, ಕಾಲೇಜು ಯುವಕರನ್ನು ಕೈದಿಗಳು, ಕಾವಲುಗಾರರು ಎಂದು ವಿಂಗಡಿಸಿದರು. ಎರಡು ವಾರದ ಪ್ರಯೋಗ. ಕಾವಲುಗಾರರ ಕ್ರೌರ್ಯ ಮಿತಿಮೀರಿ ಕೈದಿಗಳಾದವರು ಕುಸಿಯತೊಡಗಿದ್ದರಿಂದ ಆರೇ ದಿನಕ್ಕೆ ಅದನ್ನು ನಿಲ್ಲಿಸಬೇಕಾಯಿತು. ಆ ಪ್ರಯೋಗಕ್ಕೆ ವಿಶ್ವವಿದ್ಯಾಲಯದ ಸಮಿತಿಯ ಅನುಮತಿ ಇತ್ತು! ಇದು ತಪ್ಪೆಂದು ಗಟ್ಟಿಯಾಗಿ ಹೇಳಿದವರು ಹೊರಗಿನಿಂದ ನೋಡಲು ಬಂದ ಯುವ ಸಂಶೋಧಕಿ ಕ್ರಿಸ್ಟೀನಾ ಮಸ್ಲಾಕ್. ಒಳಗಿದ್ದವರಿಗೆಲ್ಲ ಅದು ಆಗಲೇ ಸಹಜವೆನಿಸಿಬಿಟ್ಟಿತ್ತು.

ಇಂದಿನ ಸಮಿತಿಗಳು ನಡೆಯುತ್ತಿರುವ ಸಂಶೋಧನೆಯ ವರದಿಯನ್ನು ವರ್ಷಕ್ಕೊಮ್ಮೆಯಾದರೂ ತರಿಸಿ ನೋಡಬೇಕು. ಬೇಕೆನಿಸಿದರೆ ಸ್ಥಳಕ್ಕೇ ಹೋಗಬಹುದು. ಔಷಧ ಪ್ರಯೋಗದಲ್ಲಿ ಯಾರಿಗಾದರೂ ಗಂಭೀರ ತೊಂದರೆಯಾದರೆ 24 ಗಂಟೆಯೊಳಗೆ ಸಮಿತಿಗೆ ತಿಳಿಸಬೇಕು. ದಾರಿ ತಪ್ಪಿದ ಸಂಶೋಧನೆಯನ್ನು ನಿಲ್ಲಿಸುವ ಅಧಿಕಾರವೂ ಸಮಿತಿಗಿದೆ.

ಸಮಿತಿಗಳ ಮೇಲೂ ದೂರುಗಳಿಲ್ಲದೆ ಇಲ್ಲ. ಸಭೆ ಮುಂದೆ ಹೋಗುತ್ತದೆ, ಅಲ್ಪವಿರಾಮಕ್ಕೂ ತಗಾದೆ ತೆಗೆಯುತ್ತಾರೆ, ಪ್ರಬಂಧದ ಅವಧಿ ಕಾಯುತ್ತಾ ಕಳೆದುಹೋಗುತ್ತದೆ ಎಂಬುದು ವಿದ್ಯಾರ್ಥಿಗಳ ಅಳಲು. ಇದರಲ್ಲಿ ಸತ್ಯವಿಲ್ಲದಿಲ್ಲ. ಎರಡು ಗಂಟೆಯಲ್ಲಿ ಮೂವತ್ತು ಕಡತ ಮುಗಿಸುವ ಸಭೆ ರಬ್ಬರ್ ಮುದ್ರೆಯಾಗುತ್ತದೆ. ಒಂದೇ ಕಡತವನ್ನು ಮೂರು ಸಲ ಹಿಂದಿರುಗಿಸುವ ಸಭೆ ತಡೆಗೋಡೆಯಾಗುತ್ತದೆ. ಎರಡರ ನಡುವಿನ ದಾರಿ ಹಿಡಿಯುವುದು ಸದಸ್ಯರ ಹೊಣೆ.

ವಿದ್ಯಾರ್ಥಿಗಳ ಹೊಣೆಯೂ ಉಂಟು. ಮಾಹಿತಿ ಸಂಗ್ರಹಿಸಿದ ಮೇಲೆ ಅನುಮತಿ ಕೇಳಿದರೆ ಸಿಗದು. ಹಿಂದಿನ ದಿನಾಂಕದ ಅನುಮತಿಯೆಂಬುದಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪ್ರಬಂಧದ ಸಾರಲೇಖದ ನಮೂನೆಯಲ್ಲೇ ಈ ಪ್ರಶ್ನೆ ಇದೆ. ಎಂಬಿಬಿಎಸ್ ವಿದ್ಯಾರ್ಥಿಗಳು ಐಸಿಎಂಆರ್‌ನ ಅಲ್ಪಾವಧಿ ವಿದ್ಯಾರ್ಥಿವೇತನದಡಿ ಕೈಗೊಳ್ಳುವ ಎರಡು ತಿಂಗಳ ಪುಟ್ಟ ಅಧ್ಯಯನಕ್ಕೂ ಸಮಿತಿಯ ಒಪ್ಪಿಗೆ ಬೇಕು. ಒಪ್ಪಿಗೆ ಪತ್ರವನ್ನು ಕೊನೆಯ ರಾತ್ರಿ ಯಾರದೋ ಪ್ರಬಂಧದಿಂದ ನಕಲು ಮಾಡುವ ಬದಲು, ಬರೆದು ಮನೆಯಲ್ಲಿ ಅಜ್ಜಿಗೋ ಪಕ್ಕದ ಮನೆಯವರಿಗೋ ಓದಿ ಹೇಳಿದರೆ ಅರ್ಧ ತಿದ್ದುಪಡಿ ಅಲ್ಲೇ ಮುಗಿಯುತ್ತದೆ.

ಸಂಜೆ ಸಭೆ ಮುಗಿದಾಗ ತಜ್ಞರು ತಮ್ಮ ತಮ್ಮ ವಿಭಾಗಗಳಿಗೆ ಮರಳುತ್ತಾರೆ. ಆ ಶಿಕ್ಷಕಿ ಬಸ್ ನಿಲ್ದಾಣದತ್ತ ನಡೆಯುತ್ತಾರೆ. ಅವರು ತಿದ್ದಿಸಿದ ಸಾಲನ್ನು ಮುಂದೊಂದು ದಿನ ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಕೂತ ತಾಯಿಯೊಬ್ಬಳು ಓದಿ, ಅರ್ಥ ಮಾಡಿಕೊಂಡು, 'ಆಗಲಿ' ಎನ್ನಬಹುದು. 'ಬೇಡ' ಎಂದೂ ಅನ್ನಬಹುದು. ಎರಡನ್ನೂ ತಿಳಿದು ಹೇಳುವಂತಾದರೆ ಆ ಕುರ್ಚಿಯ ಕೆಲಸ ಸಾರ್ಥಕ.

ಸಹಿ ಹಾಕುವ ಮುನ್ನ ಪಾಲಕರು ಕೇಳಬೇಕಾದ್ದು

* ಇದು ಚಿಕಿತ್ಸೆಯೋ, ಸಂಶೋಧನೆಯೋ? ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕಿದೆಯೇ?
* ಮಗುವಿಗೆ ಏನು ಮಾಡುತ್ತೀರಿ, ಎಷ್ಟು ಸಲ, ಎಷ್ಟು ದಿನ?
* ತೊಂದರೆಯಾದರೆ ಯಾರನ್ನು ಕಾಣಬೇಕು? ಚಿಕಿತ್ಸೆಯ ಖರ್ಚು ಯಾರದು?
* ಬೇಡವೆಂದರೆ ಶಾಲೆಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ತೊಡಕಾಗುವುದೇ? ಮಧ್ಯದಲ್ಲಿ ಬಿಡಬಹುದೇ?
* ಮಗುವಿನ ಹೆಸರು, ವಿವರಗಳು ಯಾರ ಕೈಗೆ ಹೋಗುತ್ತವೆ?
* ಸಹಿ ಹಾಕಿದ ಪತ್ರದ ಒಂದು ಪ್ರತಿ ಕೊಡುತ್ತೀರಾ?

ಈ ಪ್ರಶ್ನೆಗಳಿಗೆ ಬೇಸರಿಸದೆ, ತಿಳಿಯುವ ಮಾತಿನಲ್ಲಿ ಉತ್ತರ ಪಡೆಯುವುದು ಪಾಲಕರ ಹಕ್ಕು.